ರೇಡಿಯೋ ಅಂಗಡಿಯ ಕಟ್ಟೆಯಲ್ಲಿ ಶೈಲೇಂದ್ರ

ವಿವಿಧ ಭಾರತಿಯಲ್ಲಿ ಹಾಡು ಹಾಕುವ ಮುಂಚೆ ಚಿತ್ರದ ಹೆಸರು, ಹಾಡಿದವರ ಹೆಸರು, ಸಂಗೀತ ಕೊಟ್ಟವರ ಹೆಸರು ಹೇಳಿ, ಜೊತೆಗೆ ಬರೆದವರ ಹೆಸರನ್ನೂ ಹೇಳುತ್ತಿದ್ದರು. ಕೇಳುವವರಲ್ಲಿ ಮುಕ್ಕಾಲು ಪಾಲು ಜನ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಬೀಡಿ ಹಚ್ಚಿಕೊಳ್ಳಲು, ಚಹಾಕ್ಕೆ ಹೇಳಲು ಸಿಗುವ ಹೊತ್ತು ಅದು. ಕೊಟ್ಟೂರಿನ ನಮ್ಮ ಗುಂಪಿಗೆ ಮಾತ್ರ ಆ ಹೆಸರೇ ಮುಖ್ಯ. ಉದ್ಘೋಷಕಿ ‘ಶೈಲೇಂದ್ರ’ ಎಂದರೆ ಅರ್ಧ ಜನರ ಮುಖ ಅರಳುತ್ತಿತ್ತು, ‘ಸಾಹಿರ್ ಲುಧಿಯಾನ್ವಿ’ ಎಂದರೆ ಉಳಿದರ್ಧದವರದು. ಇಬ್ಬರಲ್ಲಿ ಯಾರ ಫೋಟೋವನ್ನೂ ನಾವು ನೋಡಿರಲಿಲ್ಲ. ಕಪ್ಪಗಿದ್ದರೋ ಕೆಂಪಗಿದ್ದರೋ, ಧೋತರ ಉಡುತ್ತಿದ್ದರೋ ಪೈಜಾಮ ತೊಡುತ್ತಿದ್ದರೋ ಗೊತ್ತಿಲ್ಲ. ಕಿವಿಗೆ ಬಿದ್ದ ಹೆಸರೊಂದೇ ಆಧಾರ.

1970ರ ದಶಕದ ಮಾತು. ಕೊಟ್ಟೂರು ಆಗಿನ್ನೂ ಬಳ್ಳಾರಿ ಜಿಲ್ಲೆ ಕೂಡ್ಲಿಗಿ ತಾಲೂಕಿನ ಒಂದು ಊರು. ತೇರು ಬಯಲಿಗೆ ಹೋಗುವ ದಾರಿಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ನಡೆಸುತ್ತಿದ್ದವರನ್ನು ಊರೆಲ್ಲ ರೇಡಿಯೋ ಚಾಚಾ ಎಂದೇ ಕರೆಯುತ್ತಿತ್ತು. ಒಳಗೆ ಬಿಚ್ಚಿಟ್ಟ ಮರ್ಫಿ, ಬುಷ್, ಫಿಲಿಪ್ಸ್ ಸೆಟ್ಟುಗಳು. ಬೆಸುಗೆಯ ಸೀಸದ ವಾಸನೆ. ಅಂಗಡಿ ಮುಂದೆ ಕಡಪ ಕಲ್ಲಿನ ಕಟ್ಟೆ. ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ವರ್ಷಾವರ್ಷ ಲೈಸೆನ್ಸ್ ದುಡ್ಡು ಕಟ್ಟಬೇಕಿದ್ದ ಕಾಲ ಅದು. ಮನೆಯಲ್ಲಿ ರೇಡಿಯೋ ಇದ್ದವರು ಕಡಿಮೆ, ಇದ್ದವರದೂ ಒಂದಲ್ಲ ಒಂದು ದಿನ ಚಾಚಾನ ಮೇಜಿನ ಮೇಲೆಯೇ ಇರುತ್ತಿತ್ತು. ರಿಪೇರಿ ಆದ ಸೆಟ್ಟನ್ನು ಪರೀಕ್ಷೆ ಮಾಡುವ ನೆಪದಲ್ಲಿ ಚಾಚಾ ಸಂಜೆಯಿಂದ ರಾತ್ರಿವರೆಗೆ ಹಾಡು ಹಚ್ಚುತ್ತಿದ್ದರು. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ. ಅಮೀನ್ ಸಯಾನಿಯ ದನಿ ಶಾರ್ಟ್‌ವೇವ್‌ನಲ್ಲಿ ಅಲೆಯಲೆಯಾಗಿ ಹತ್ತಿರ ಬಂದು ದೂರ ಹೋಗುತ್ತಿತ್ತು. ದೂರ ಹೋದಾಗ ಚಾಚಾ ಸ್ಕ್ರೂಡ್ರೈವರಿನ ತುದಿಯನ್ನು ಏರಿಯಲ್ ತಂತಿಗೆ ತಾಗಿಸಿ ಹಿಡಿದುಕೊಂಡು ನಿಲ್ಲುತ್ತಿದ್ದರು. ತಾವೇ ಒಂದು ಕಂಬವಾದಂತೆ.

ಚಾಚಾ ಸಾಹಿರ್ ಪಕ್ಷ. ಉರ್ದು ಓದು ಬರಹ ಚೆನ್ನಾಗಿ ಬಲ್ಲವರು. ಸಾಹಿರ್‌ನ ‘ತಲ್ಖಿಯಾಂ’ ಸಂಕಲನದ ಒಂದು ಪ್ರತಿ, ರಟ್ಟು ಕಿತ್ತುಹೋದದ್ದು, ವಾಲ್ವುಗಳ ಡಬ್ಬಿಯ ಪಕ್ಕದಲ್ಲೇ ಇರುತ್ತಿತ್ತು. ‘ಪ್ಯಾಸಾ’ ಚಿತ್ರದ ಮಾತೆತ್ತಿದರೆ ಕೈಯಲ್ಲಿದ್ದ ಕೆಲಸ ನಿಂತಂತೆಯೇ. ಹಾಡು ಬರೆದವನ ಹೆಸರನ್ನು ರೇಡಿಯೋದಲ್ಲಿ ಹೇಳಿಸಿದ್ದೂ ಸಾಹಿರ್‌ನೇ ಎಂಬುದು ಅವರ ಬ್ರಹ್ಮಾಸ್ತ್ರ. “ನಿಮ್ಮ ಶೈಲೇಂದ್ರನ ಹೆಸರು ಕೊಟ್ಟೂರಿಗೆ ಮುಟ್ಟಿದ್ದು ನಮ್ಮ ಸಾಹಿರ್ ಸಾಬ್‌ನಿಂದ, ತಿಳೀತಾ?” ಸಾಹಿರ್ ಇದಕ್ಕಾಗಿ ಆಕಾಶವಾಣಿಯ ಜೊತೆ ಹಟ ಹಿಡಿದ ಸಂಗತಿಯನ್ನು ಮುಂದೆ ನಾನೂ ಬೇರೆಡೆ ಓದಿದೆ. ಚಾಚಾನ ಮಾತಿನಲ್ಲಿ ಹುರುಳಿತ್ತು.

ಶೈಲೇಂದ್ರನ ಕಡೆ ವಕೀಲಿಕೆ ಮಾಡುತ್ತಿದ್ದವರು ಹೈಸ್ಕೂಲಿನ ಹಿಂದಿ ಮೇಷ್ಟ್ರು. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ, ಊರಿನ ಹುಡುಗರನ್ನೂ ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ ಎಂದು ಕೂರಿಸುತ್ತಿದ್ದವರು. ‘ಧರ್ಮಯುಗ್’ ವಾರಪತ್ರಿಕೆ ತರಿಸುತ್ತಿದ್ದರು. ಶೈಲೇಂದ್ರನ ಜೀವನ ನಮಗೆ ತಿಳಿದದ್ದು ಅವರ ಬಾಯಿಂದಲೇ. ಹುಟ್ಟಿದ್ದು 1923ರಲ್ಲಿ, ರಾವಲ್ಪಿಂಡಿಯಲ್ಲಿ. ನಿಜ ಹೆಸರು ಶಂಕರದಾಸ. ಮನೆತನ ಬಿಹಾರದ ಆರಾ ಕಡೆಯದು, ಬೆಳೆದದ್ದು ಮಥುರೆಯಲ್ಲಿ. ಹೊಟ್ಟೆಪಾಡಿಗೆ ಮುಂಬೈಗೆ ಬಂದು ಮಾಟುಂಗಾದ ರೈಲ್ವೆ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕೆಲಸ. ದೇಶ ಇಬ್ಭಾಗವಾದಾಗ ಉರಿದ ಪಂಜಾಬಿನ ಮೇಲೊಂದು ಕವಿತೆ ಬರೆದು ಇಪ್ಟಾ ನಾಟಕ ಸಂಘದ ಸಭೆಯಲ್ಲಿ ಓದಿದ. ಕೇಳಿದ ರಾಜ್ ಕಪೂರ್ ಅದನ್ನು ಸಿನಿಮಾಕ್ಕೆ ಕೊಡು, ದುಡ್ಡು ಕೊಡುತ್ತೇನೆ ಎಂದರು. ಕವಿತೆ ಮಾರುವುದಿಲ್ಲ ಎಂದು ಕಳಿಸಿಬಿಟ್ಟ. ಮನೆಯಲ್ಲಿ ಹೆಂಡತಿ ಬಸುರಿ, ಕೈಯಲ್ಲಿ ಕಾಸಿಲ್ಲ ಎಂದಾದಾಗ ತಾನೇ ಹೋಗಿ ರಾಜ್ ಕಪೂರ್ ಬಾಗಿಲು ತಟ್ಟಿದ. 1949ರ ‘ಬರ್ಸಾತ್’ಗೆ ಎರಡು ಹಾಡು. ಅಲ್ಲಿಂದ ‘ಆವಾರಾ’, ‘ಶ್ರೀ 420’.

ಆ ಬಾಗಿಲು ತಟ್ಟಿದ ಭಾಗವನ್ನು ಮೇಷ್ಟ್ರು ಪ್ರತಿ ಸಲವೂ ದನಿ ಇಳಿಸಿ ಹೇಳುತ್ತಿದ್ದರು. ಚಾಚಾ ಮಾತ್ರ ಕಾವಲಿ ಬಿಸಿ ಇರುವಾಗಲೇ ದೋಸೆ ತಿರುವಿದಂತೆ ಕೂಡಲೇ ಕೇಳುತ್ತಿದ್ದರು, “ಅಂದ್ರ ಮಾರಿದ ಅಂದಂಗಾತು, ಅಲ್ಲೇನು ಮೇಷ್ಟ್ರೆ?” ಮೇಷ್ಟ್ರಿಗೆ ಕೆಂಡದಂಥ ಸಿಟ್ಟು. ಫಿಲ್ಮ್‌ಫೇರಿನವರು ಗೀತಕಾರರಿಗೆ ಪ್ರಶಸ್ತಿ ಶುರು ಮಾಡಿದಾಗ ಮೊದಲನೆಯದು ಸಿಕ್ಕಿದ್ದು ಯಾರಿಗೆ, ‘ಯಹೂದಿ’ಗೆ ಬರೆದ ಶೈಲೇಂದ್ರನಿಗಲ್ಲವೇ ಎಂದು ಅವರು, ‘ತಾಜ್ ಮಹಲ್’ ಯಾರದು ಎಂದು ಇವರು. ಜಗಳ ಒಗ್ಗರಣಿ-ಮಿರ್ಚಿ ಬರುವ ತನಕ. ಬಿಸಿ ಮಿರ್ಚಿಯ ಮುಂದೆ ಸಾಹಿರ್ರೂ ಇಲ್ಲ, ಶೈಲೇಂದ್ರನೂ ಇಲ್ಲ.

ಗುಂಪಿನಲ್ಲಿ ಒಬ್ಬ ಗ್ಯಾಂಗ್‌ಮನ್ ಇದ್ದ. ಹೊಸಪೇಟೆ–ಕೊಟ್ಟೂರು ಮೀಟರ್ ಗೇಜ್ ಹಳಿಯ ಮೇಲೆ ಸುತ್ತಿಗೆ ಹಿಡಿದು ನಡೆದವನು. 1974ರ ಮೇ ತಿಂಗಳಲ್ಲಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂದಾಳತ್ವದಲ್ಲಿ ರೈಲ್ವೆ ಮುಷ್ಕರ ನಡೆಯಿತಲ್ಲ, ಆಗ ಹುಬ್ಬಳ್ಳಿಯಲ್ಲಿ ಕೂಗಿದ ಒಂದು ಹಿಂದಿ ಘೋಷಣೆಯನ್ನು ಕಲಿತು ಬಂದಿದ್ದ. ಅರ್ಥ ಪೂರಾ ಗೊತ್ತಿಲ್ಲ, ಕೂಗಲು ಮಾತ್ರ ಗಂಟಲು ಪಳಗಿತ್ತು. ಒಂದು ಸಂಜೆ ಕಟ್ಟೆಯ ಮೇಲೆ ಕೂಗಿ ತೋರಿಸಿದ. ಮೇಷ್ಟ್ರು ಎದ್ದು ನಿಂತರು. ಆ ಘೋಷಣೆ ಮೂಲದಲ್ಲಿ ಶೈಲೇಂದ್ರ ಬರೆದ ಕವಿತೆಯ ಸಾಲು ಎಂದರು. ಗ್ಯಾಂಗ್‌ಮನ್‌ಗೆ ನಂಬಿಕೆ ಬರಲಿಲ್ಲ. “ಸಿನಿಮಾದವ ಸ್ಟ್ರೈಕಿಗೆ ಯಾಕ ಬರೀತಾನ್ರಿ?” ಅವನೂ ರೈಲ್ವೆಯವನೇ ಇದ್ದ ಕಣೋ, ನಿನ್ನ ಹಾಗೆ ಕೈಗೆ ಮಸಿ ಮಾಡಿಕೊಂಡವನು ಎಂದ ಮೇಲೆ ಅವನು ಶೈಲೇಂದ್ರನ ಪಕ್ಷಕ್ಕೆ ಬಂದ. ಹಾಡಿಗಾಗಿ ಅಲ್ಲ, ಇಲಾಖೆಗಾಗಿ!

ನಾನು ಬರೆಯಬೇಕೆಂದು ಕೂತದ್ದು ಇವರೆಲ್ಲರಿಗಿಂತ ಹೆಚ್ಚಾಗಿ ಭಜನಿ ಕಾಕನ ಬಗ್ಗೆ.

ಕಾಕ ಶೇಂಗಾ ಮಂಡಿಯಲ್ಲಿ ಹಮಾಲಿ. ಅದಕ್ಕೂ ಮುಂಚೆ ಸಾಹುಕಾರರೊಬ್ಬರ ಬಂಡಿ ಹೊಡೆಯುತ್ತಿದ್ದ. ರಾತ್ರಿ ಭಜನೆ. ಏಕತಾರಿ ಹಿಡಿದು ಶಿಶುನಾಳ ಶರೀಫರದು, ಕಡಕೋಳ ಮಡಿವಾಳಪ್ಪನವರದು, ಬೆಳತನಕ ಹೇಳುತ್ತಿದ್ದ. ಅಕ್ಷರ ಬರುತ್ತಿರಲಿಲ್ಲ, ಹಿಂದಿಯೂ ಬರುತ್ತಿರಲಿಲ್ಲ. ‘ತೀಸ್ರಿ ಕಸಂ’ ಚಿತ್ರದಲ್ಲಿ ಬಂಡಿ ಹೊಡೆಯುತ್ತ ಹೀರಾಮನ್ ಹೇಳುವ ಹಾಡೊಂದಿದೆ, ಮುಕೇಶ್ ಕಂಠದ್ದು, ಸತ್ತ ಮೇಲೆ ಹೋಗುವ ದಾರಿಯ ವಿಚಾರ. ಅದು ರೇಡಿಯೋದಲ್ಲಿ ಮೊದಲ ಸಲ ಬಂದಾಗ ಕಾಕ ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡು ನಿಂತ. ಮುಗಿದ ಮೇಲೆ, “ಇದು ತತ್ವಪದ ಐತಲ್ರಿ” ಎಂದ. ಮೇಷ್ಟ್ರು ಅರ್ಥ ಹೇಳಹೊರಟರು. ಕಾಕ ಬೇಡವೆಂದು ತಾನೇ ಹೇಳಿದ. ಹೆಚ್ಚುಕಡಿಮೆ ಸರಿಯಾಗಿಯೇ ಹೇಳಿದ. ಅದರಲ್ಲಿ ಪವಾಡವೇನಿಲ್ಲ. ಕಬೀರನ ನಿರ್ಗುಣ ಪದ ಕೇಳಿ ಬೆಳೆದ, ಭೋಜಪುರಿ ಸೀಮೆಯ ಮನೆತನದ ಕವಿ, ಮಡಿವಾಳಪ್ಪನ ಪದ ಹಾಡಿ ಬೆಳೆದ ಕೊಟ್ಟೂರಿನ ಹಮಾಲಿ. ಇಬ್ಬರಿಗೂ ದೇಹವೆಂದರೆ ಬಿಟ್ಟುಹೋಗುವ ಮನೆ, ಸಂಸಾರವೆಂದರೆ ಸಂತೆ. ಸಾಹಿರ್‌ನ ಸಾಲಿಗೆ ಚಾಚಾ ನಿಘಂಟಿನಂತೆ ಪಕ್ಕದಲ್ಲಿ ಕೂರಬೇಕಿತ್ತು, ಶೈಲೇಂದ್ರನಿಗೆ ಬೇಕಿರಲಿಲ್ಲ. ಸಾಹಿರ್ ದೊಡ್ಡ ಕವಿ, ಈಗ ಕೇಳಿದರೆ ಇಬ್ಬರಲ್ಲಿ ದೊಡ್ಡವನು ಎಂದೇ ಹೇಳಿಯೇನು. ಆದರೆ ನಮ್ಮೂರಿನ ಕಿವಿಗೆ ಒಗ್ಗಿದವನು ಶೈಲೇಂದ್ರ.

ಕಾಕ ಕಟ್ಟೆಯ ಮೇಲೆ ಕೂರುತ್ತಿರಲಿಲ್ಲ. ಕಟ್ಟೆಯ ಕೆಳಗೆ, ಮೆಟ್ಟಿಲ ಪಕ್ಕ ನಿಂತೇ ಕೇಳುತ್ತಿದ್ದ. ಚಾಚಾ ಕುಂದ್ರೋ ಎಂದು ಎಷ್ಟೋ ಸಲ ಕರೆದಿದ್ದರು. ಎದುರಿನ ಹೋಟೆಲಿನಿಂದ ಚಹಾ ಬಂದಾಗ ಕಾಕನ ಗ್ಲಾಸು ಬೇರೆ ಇರುತ್ತಿತ್ತು, ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಇಟ್ಟಿರುತ್ತಿದ್ದದ್ದು. ಹುಡುಗರಾದ ನಮಗೆ ಅದು ಗ್ಲಾಸಿನ ಜಾಗ ಅಷ್ಟೇ. ಕುಂದ್ರೋ ಎಂದು ಕರೆದ ಚಾಚಾನೂ ಆ ಹೋಟೆಲಿನವನಿಗೆ ಏನೂ ಹೇಳಲಿಲ್ಲ, ಬಾಗಿಲು ತಟ್ಟಿದ ಕಥೆಯನ್ನು ದನಿ ಇಳಿಸಿ ಹೇಳುತ್ತಿದ್ದ ಮೇಷ್ಟ್ರೂ ಹೇಳಲಿಲ್ಲ.

ನಮ್ಮ ಮನೆಯೊಳಕ್ಕೆ ಶೈಲೇಂದ್ರ ಬಂದದ್ದು ಅವ್ವನಿಂದ. ಬಿಮಲ್ ರಾಯ್ ಅವರ ‘ಬಂದಿನಿ’ ಚಿತ್ರದಲ್ಲಿ, 1963ರದು, ಹೆಂಗಸರ ಜೈಲಿನಲ್ಲಿ ಕೈದಿಯೊಬ್ಬಳು ಬೀಸುತ್ತ ಹಾಡುವ ಹಾಡಿದೆ. ಆಶಾ ಭೋಸ್ಲೆ ಹಾಡಿದ್ದು. ಈ ಶ್ರಾವಣಕ್ಕೆ ಅಣ್ಣನನ್ನು ಕಳಿಸಪ್ಪಾ ಎಂದು ಮಗಳು ತಂದೆಯನ್ನು ಬೇಡುವ ಹಾಡು. ಒಂದು ದಿನ ಅದು ಬರುತ್ತಿದ್ದಾಗ ನಾನು ಅವ್ವನಿಗೆ ಇಷ್ಟು ಅರ್ಥ ಹೇಳಿದೆ. ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ, ಬಡಿತ ಮಾತ್ರ ಮೆಲ್ಲಗಾಯಿತು. ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆದೊಯ್ಯದಿದ್ದರೆ ಹೆಣ್ಣುಮಕ್ಕಳಿಗೆ ಆ ವರ್ಷ ಬರಿದು. ಅವ್ವನ ತವರು ಹಡಗಲಿ ಸೀಮೆ. ಬರ ಬಿದ್ದ ವರ್ಷ ಮಾವ ಬರುತ್ತಿರಲಿಲ್ಲ. ಬಂದರೆ ಉಂಡಿಗೆ, ಸೀರೆಗೆ ದುಡ್ಡು ಬೇಕಲ್ಲ. “ಜೈಲಿನಾಗಿನ ಹೆಣಮಗಳಿಗೂ ಪಂಚಮಿ ನೆನಪಾತೇನು” ಎಂದಳು. ಆಮೇಲೆ ಆ ಹಾಡು ಬಂದಾಗೆಲ್ಲ ‘ಪಂಚಮಿ ಹಾಡು ಬಂತು ನೋಡೋ, ದೊಡ್ಡದು ಮಾಡು’ ಎನ್ನುವಳು. ಚಿತ್ರದ ಹೆಸರಾಗಲಿ ನೂತನ್ ಹೆಸರಾಗಲಿ ಅವಳಿಗೆ ಬೇಕಿರಲಿಲ್ಲ. ಇದೇ ‘ಬಂದಿನಿ’ಗೆ ಒಂದು ಹಾಡು ಬರೆಯಲು ಗುಲ್ಜಾರ್ ಎಂಬ ಹೊಸ ಹುಡುಗನನ್ನು ಬಿಮಲ್ ರಾಯ್ ಹತ್ತಿರ ಕಳಿಸಿದವನೂ ಶೈಲೇಂದ್ರನೇ. ಗುಲ್ಜಾರ್ ಅದನ್ನು ಹಲವು ಕಡೆ ನೆನೆದಿದ್ದಾರೆ.

‘ದೋ ಬಿಘಾ ಜಮೀನ್’ ಹಾಡುಗಳೂ ಹೀಗೆಯೇ ಒಳಗಿಳಿದವು. ಎರಡು ಬಿಘಾ ಹೊಲ ಉಳಿಸಿಕೊಳ್ಳಲು ಕಲ್ಕತ್ತೆಗೆ ಹೋಗಿ ರಿಕ್ಷಾ ಎಳೆಯುವ ರೈತನ ಕಥೆ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ ಕಡೆಯಿಂದ ಬೆಂಗಳೂರಿಗೆ, ಮಲೆನಾಡಿನ ಕಾಫಿ ತೋಟಕ್ಕೆ ಗುಳೆ ಹೋಗುವವರನ್ನು ಬಸ್‌ಸ್ಟ್ಯಾಂಡಿನಲ್ಲಿ ನೋಡುತ್ತ ಬೆಳೆದವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ‘ಶ್ರೀ 420’ರಲ್ಲಂತೂ ರಾಮಯ್ಯನನ್ನು ಕರೆಯುವ ಹಾಡಿನ ಪಲ್ಲವಿಯ ಶುರುವೇ ತೆಲುಗು. ಬಳ್ಳಾರಿ ಜಿಲ್ಲೆಯವರಿಗೆ ಅದರಷ್ಟು ಸಲೀಸಾದ ಹಿಂದಿ ಹಾಡು ಇನ್ನೊಂದಿರಲಿಲ್ಲ!

ಹಾಡುಗಳನ್ನು ಇಷ್ಟು ಕೇಳಿದ್ದರೂ ‘ತೀಸ್ರಿ ಕಸಂ’ ಸಿನಿಮಾವನ್ನು ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ. ಕೊಟ್ಟೂರಿನ ಟೆಂಟಿಗೆ ಅದು ಬಂದ ನೆನಪು ಯಾರಿಗೂ ಇಲ್ಲ. 1980ರ ದಶಕದಲ್ಲಿ ವಿಸಿಆರ್ ಬಾಡಿಗೆಗೆ ಸಿಗತೊಡಗಿದಾಗ ಚಾಚಾ ಹೊಸಪೇಟೆಯಿಂದ ಕ್ಯಾಸೆಟ್ ತರಿಸಿದರು. ವಿರೋಧ ಪಕ್ಷದವರೇ ತರಿಸಿದ್ದು, ಅದನ್ನು ಹೇಳಲೇಬೇಕು. ಒಂದು ರಾತ್ರಿಯ ಬಾಡಿಗೆಗೆ ಕಲರ್ ಟಿವಿ, ವಿಸಿಆರ್, ಮೂರು ಪಿಚ್ಚರ್. ಎಲ್ಲರೂ ಪಟ್ಟಿ ಹಾಕಿದೆವು. ಓಣಿಯವರ ಒತ್ತಾಯಕ್ಕೆ ಮೊದಲು ರಾಜಕುಮಾರ್ ಚಿತ್ರ, ಆಮೇಲೆ ಅಮಿತಾಭ್‌ನ ಹೊಡೆದಾಟದ್ದು. ನಮ್ಮದು ಕೊನೆಗೆ. ಶುರುವಾಗುವ ಹೊತ್ತಿಗೆ ನಡುರಾತ್ರಿ ದಾಟಿತ್ತು. ಕಪ್ಪು-ಬಿಳುಪು ಎಂದು ಗೊತ್ತಾಗುತ್ತಲೇ ಉಳಿದವರೂ ಕಂಬಳಿ ಕೊಡವಿಕೊಂಡು ಎದ್ದರು. ಹಿಡಿಯಷ್ಟು ಜನ ಉಳಿದೆವು. ಜಾಗ ಸಾಕಷ್ಟಿತ್ತು. ಆ ರಾತ್ರಿ ಕಾಕ ಕೂತ, ಚಾಚಾನ ಪಕ್ಕದಲ್ಲಿ, ಚಾಪೆಯ ಮೇಲೆ.

ಫಣೀಶ್ವರನಾಥ ರೇಣು ಅವರ ಕಥೆ. ಬಾಸು ಭಟ್ಟಾಚಾರ್ಯ ನಿರ್ದೇಶನ. ಬಂಡಿ ಹೊಡೆಯುವ ಹೀರಾಮನ್ ಜೀವನದಲ್ಲಿ ಮೂರು ಸಲ ಆಣೆ ಮಾಡುತ್ತಾನೆ. ಮೊದಲನೆಯದು ಕಳ್ಳಮಾಲು ಹೇರುವುದಿಲ್ಲ ಎಂದು. ಪೊಲೀಸರು ಹಿಡಿದಾಗ ಅವನು ಬಂಡಿ ಬಿಟ್ಟು ಎತ್ತು ಬಿಚ್ಚಿಕೊಂಡು ಓಡುವುದನ್ನು ಕಂಡು ಕಾಕ ತೊಡೆ ತಟ್ಟಿದ. “ಬಂಡಿ ಹೋದ್ರ ಬಡಿಗೇರ ಮಾಡಿಕೊಡ್ತಾನ, ಎತ್ತು ಹೋದ್ರ ಬಾಳೇವೇ ಹೋತು. ಖರೆ ಮಾಡ್ಯಾನ.” ಸರ್ಕಾರ ಕಾಳಿನ ಲೆವಿ ಎತ್ತುತ್ತಿದ್ದ ಕಾಲದಲ್ಲಿ ಸಾಹುಕಾರರ ಜೋಳದ ಚೀಲಗಳನ್ನು ರಾತ್ರಿ ಹೊತ್ತು ಸಾಗಿಸಿದ್ದು, ಚಿರಿಬಿ ದಾರಿಯಲ್ಲಿ ಪೊಲೀಸರ ಬ್ಯಾಟರಿ ಬೆಳಕು ಕಂಡು ಬೇಲಿಗೆ ಬಿದ್ದದ್ದು ಅವತ್ತೇ ಬಾಯಿಬಿಟ್ಟ. ಎರಡನೇ ಆಣೆ ಬಿದಿರು ಹೇರುವುದಿಲ್ಲ ಎಂದು. ಅದಕ್ಕಂತೂ ಬಿದ್ದು ಬಿದ್ದು ನಕ್ಕ. ಗಳ ಹೇರಿದ ಬಂಡಿ ಮುಂದೂ ಚುಚ್ಚುತ್ತದೆ, ಹಿಂದೂ ಚುಚ್ಚುತ್ತದೆ. ರಾಜ್ ಕಪೂರ್ ನೊಗದ ಹಿಂದೆ ಕೂತ ರೀತಿಯನ್ನು ತುಸು ಹೊತ್ತು ನೋಡಿ ತೀರ್ಪು ಕೊಟ್ಟ. “ಇವ ಬಂಡಿ ಹೊಡದಾವಲ್ಲ. ಆದ್ರ ಹೊಡಿಯಾವನ ಬಾಜೂಕ ಕುಂತು ನೋಡ್ಯಾನ.” ಆ ಚಿತ್ರದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಆಮೇಲೆ ವಹೀದಾ ರೆಹಮಾನ್ ಬಂಡಿ ಏರುತ್ತಾಳೆ. ನೌಟಂಕಿ ಕಂಪನಿಯ ಹೀರಾಬಾಯಿ. ಜಾತ್ರೆಗೆ ಹೋಗಬೇಕು. ದಾರಿಯಲ್ಲಿ ಪರದೆ ಕಟ್ಟಿದ ಬಂಡಿ ಕಂಡ ಮಕ್ಕಳು ಒಳಗೆ ಮದುಮಗಳಿದ್ದಾಳೆಂದು ಹಾಡುತ್ತ ಹಿಂದೆ ಓಡುತ್ತಾರೆ, ಹೀರಾಮನ್ ಒಳಗೊಳಗೇ ಹಿಗ್ಗುತ್ತಾನೆ. ಕಾಕನ ನಗು ಅಲ್ಲಿಗೆ ನಿಂತಿತು.

ನಮ್ಮೂರಿನವರಿಗೆ ಈ ಕಥೆ ಬಿಹಾರದ್ದಲ್ಲ. ಮಾಘದ ಕೊನೆಯಲ್ಲಿ ಗುರು ಬಸವೇಶ್ವರನ ತೇರು. ದಾವಣಗೆರೆ, ಹರಪನಹಳ್ಳಿ ಕಡೆಯಿಂದ ಜನ ನಡೆದು ಬರುತ್ತಾರೆ. ತೇರಿಗೆ ನಾಟಕ ಕಂಪನಿಗಳು ಬಂದು ತಗಡಿನ ಥಿಯೇಟರ್ ಎಬ್ಬಿಸುತ್ತವೆ. ರಾತ್ರಿ ಹನ್ನೊಂದರ ಆಟಕ್ಕೆ ಸೀಟಿ ಹೊಡೆಯುವ ಊರು, ಬೆಳಗ್ಗೆ ಅದೇ ನಟಿ ಕಿರಾಣಿ ಅಂಗಡಿಗೆ ಬಂದರೆ ಬೇರೆಯೇ ಕಣ್ಣಿನಿಂದ ನೋಡುತ್ತದೆ. ಹಗರಿಬೊಮ್ಮನಹಳ್ಳಿ ದಾಟಿದರೆ ಮರಿಯಮ್ಮನಹಳ್ಳಿ. ಕೆ. ನಾಗರತ್ನಮ್ಮನಂಥ ದೊಡ್ಡ ಕಲಾವಿದೆಯರ ಊರು. ಆ ಊರಿನ ಹೆಣ್ಣುಮಕ್ಕಳಿಲ್ಲದೆ ನಮ್ಮ ಸೀಮೆಯ ಎಷ್ಟೋ ಹಳ್ಳಿಗಳ ಹವ್ಯಾಸಿ ನಾಟಕ ಪರದೆ ಏರುತ್ತಿರಲಿಲ್ಲ. ಅವರನ್ನು ಕರೆತರಲು ಬಂಡಿ ಹೋಗುತ್ತಿತ್ತು, ಬೆಳಗಾದ ಮೇಲೆ ಬಿಟ್ಟುಬರಲು ಬಂಡಿ ಹೋಗುತ್ತಿತ್ತು. ಆ ಬಂಡಿಗಳನ್ನು ಹೊಡೆದವರಲ್ಲಿ ಕಾಕನೂ ಒಬ್ಬ. ಸಿನಿಮಾದ ನೌಟಂಕಿಯಲ್ಲಿ ಯಾರೋ ಹೀರಾಬಾಯಿಯನ್ನು ಹೊಲಸು ಮಾತಿನಿಂದ ಕರೆದು, ಹೀರಾಮನ್ ಮೈಮೇಲೆ ಬಂದವನಂತೆ ಹೊಡೆದಾಟಕ್ಕೆ ಇಳಿದಾಗ ಕಾಕ ಮೆಲ್ಲಗೆ, “ನಾ ಹೊಡೀಲಿಲ್ಲ” ಎಂದ. ಯಾರೂ ಏನೆಂದು ಕೇಳಲಿಲ್ಲ. ಕರೆಂಟು ಹೋಯಿತು. ಬಂದಾಗ ಚಾಚಾ ಬಿಟ್ಟಲ್ಲಿಂದಲೇ ಹಚ್ಚಿದರು. ಹೀರಾಬಾಯಿ ರೈಲು ಹತ್ತಿ ಹೋಗುತ್ತಾಳೆ, ಹೀರಾಮನ್ ಎತ್ತುಗಳ ಮುಂದೆ ಮೂರನೇ ಆಣೆ ಮಾಡುತ್ತಾನೆ. ಇನ್ನು ಕಂಪನಿಯ ಬಾಯಿಯನ್ನು ಬಂಡಿಯಲ್ಲಿ ಕೂರಿಸುವುದಿಲ್ಲ.

ಆ ರಾತ್ರಿ ಚಾಚಾ ಒಂದೇ ಒಂದು ಗೆಲುವು ಸಾಧಿಸಿದರು. ಜಗತ್ತು ಸೃಷ್ಟಿಸಿದವನನ್ನೇ ನಿಲ್ಲಿಸಿ ಪ್ರಶ್ನೆ ಕೇಳುವ ಹಾಡು ಇದರಲ್ಲಿದೆಯಲ್ಲ, ಕಾಕ ತನ್ನ ಭಜನೆಯಲ್ಲೂ ಅದರ ಧಾಟಿ ಸೇರಿಸಿಕೊಂಡಿದ್ದ. ಅದು ಶೈಲೇಂದ್ರನದಲ್ಲ, ಹಸ್ರತ್ ಜೈಪುರಿಯದು ಎಂದು ಬಯಲು ಮಾಡಿದರು. ಮೊದಲು ಮುಂಬೈಯಲ್ಲಿ ಬಸ್ ಕಂಡಕ್ಟರ್ ಆಗಿದ್ದ ಹಸ್ರತ್. ಕಾಕ ಅರೆಕ್ಷಣವೂ ತಡೆಯಲಿಲ್ಲ. “ಬರೀಲಿ ಬಿಡ್ರಿ. ಬಂಡಿ ಹೊಡಿಯಾವ, ಬಸ್ಸಿನಾವ, ರೈಲಿನಾವ, ಎಲ್ಲಾ ಒಂದ ದಾರ್ಯಾಗಿನವರು.”

ಈ ಚಿತ್ರವೇ ಶೈಲೇಂದ್ರನನ್ನು ನುಂಗಿತು. ನಿರ್ಮಾಪಕನೂ ಅವನೇ ಆಗಿದ್ದ. ವರ್ಷಗಟ್ಟಲೆ ಎಳೆಯಿತು, ಸಾಲ ಬೆಳೆಯಿತು. ಗೆಳೆಯ ರಾಜ್ ಕಪೂರ್ ಸಂಭಾವನೆ ಎಂದು ಒಂದೇ ರೂಪಾಯಿ ತೆಗೆದುಕೊಂಡರಂತೆ. ಕೊನೆಯಲ್ಲಿ ಇಬ್ಬರನ್ನೂ ಒಂದು ಮಾಡು, ಜನ ಬರುತ್ತಾರೆ ಎಂದು ಹಂಚಿಕೆದಾರರು ದುಂಬಾಲು ಬಿದ್ದರೂ ಶೈಲೇಂದ್ರ ಜಗ್ಗಲಿಲ್ಲ. 1966ರಲ್ಲಿ ತೆರೆಕಂಡು ಮಕಾಡೆ ಮಲಗಿತು. ಅದೇ ವರ್ಷ ಡಿಸೆಂಬರ್ 14ರಂದು, ರಾಜ್ ಕಪೂರ್ ಹುಟ್ಟಿದ ದಿನವೇ, ಶೈಲೇಂದ್ರ ತೀರಿಕೊಂಡ. ವಯಸ್ಸು 43. ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ ಬಂತು. ಸಾಲಗಾರರು ಪದಕ ನೋಡಿ ಸುಮ್ಮನಾಗುವವರಲ್ಲ. ‘ಮೇರಾ ನಾಮ್ ಜೋಕರ್’ಗೆಂದು ಅವನು ಎತ್ತಿಕೊಟ್ಟ ಒಂದು ಪಲ್ಲವಿಯನ್ನು ಮಗ ಶೈಲಿ ಶೈಲೇಂದ್ರ ಮುಂದುವರಿಸಿ ಹಾಡಾಗಿಸಿದ.

ಚಾಚಾ ಹೋದರು, ಮೇಷ್ಟ್ರು ಹೋದರು. ಮೀಟರ್ ಗೇಜ್ ಹಳಿ ಬ್ರಾಡ್ ಗೇಜ್ ಆಯಿತು. ಕೊಟ್ಟೂರು ತಾಲೂಕಾಯಿತು, ಜಿಲ್ಲೆ ವಿಜಯನಗರವಾಯಿತು. ಕಾಕನೂ ಇಲ್ಲ. ಅವನ ಮಗ ಓದಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾನೆ. ಕೆಲ ವರ್ಷಗಳ ಹಿಂದೆ ಶೈಲೇಂದ್ರನ ಇನ್ನೊಬ್ಬ ಮಗ ದಿನೇಶ್ ತಂದೆಯ ಕವಿತೆಗಳ ಸಂಕಲನವೊಂದನ್ನು ಹೊರತಂದು, ಅದರಲ್ಲಿ ತಮ್ಮ ಕುಟುಂಬದ ಜಾತಿಯನ್ನು ಬರೆದರು. ಶೈಲೇಂದ್ರ ದಲಿತ ಎಂಬುದು ಹಿಂದಿ ಸಾಹಿತ್ಯದ ಎಷ್ಟೋ ಜನರಿಗೆ ಆಗಲೇ ತಿಳಿದದ್ದು. ಅದರ ಮೇಲೆ ವಾದ-ವಿವಾದವೂ ನಡೆಯಿತು. ‘ಧರ್ಮಯುಗ್’ ಓದಿ ಇಡೀ ಜೀವನ ಒಪ್ಪಿಸುತ್ತಿದ್ದ ನಮ್ಮ ಮೇಷ್ಟ್ರ ಕಥೆಯಲ್ಲಿ ಅದೊಂದು ಇರಲಿಲ್ಲ.

ಕಳೆದ ತೇರಿನಲ್ಲಿ ಕಾಕನ ಮಗ ಸಿಕ್ಕಾಗ ಈ ವಿಷಯ ಹೇಳಿದೆ. ಅವನಿಗೆ ಗೊತ್ತಿತ್ತು, ನನಗಿಂತ ಮುಂಚೆಯೇ. ನಾನು ಕಾಕನ ಬಗ್ಗೆ ಬರೆಯುತ್ತಿದ್ದೇನೆ ಎಂದೆ. ಕಟ್ಟೆ, ಮೆಟ್ಟಿಲು, ಗೂಡಿನ ಗ್ಲಾಸು, ಎಲ್ಲ.

“ಗ್ಲಾಸು ಬರೀರಿ ಸರ್, ಬಿಡಬ್ಯಾಡ್ರಿ” ಎಂದ. “ಆದ್ರ ನಮ್ಮಪ್ಪಗ ಅದು ಒಳಗೊಳಗ ತಿಳಿದಿತ್ತು, ರಕ್ತ ರಕ್ತಾನ ಗುರುತು ಹಿಡೀತು, ಹಂಗೇನರ ಬರದೀರಿ ಮತ್ತ. ಅವಗ ಗೊತ್ತಿರಲಿಲ್ಲ. ಹಾಡು ಚೊಲೊ ಇತ್ತು, ಕೇಳ್ತಿದ್ದ. ಸಾಹಿರ್‌ನ ಹಾಡೂ ಕೇಳ್ತಿದ್ದ, ಮನ್ಯಾಗ. ಚಾಚಾಗ ಹೇಳ್ತಿರಲಿಲ್ಲ ಅಷ್ಟ.”